ಬೀಗರ ಕೂಲರು, ನನ್ನ ಏಸಿ

ಸಿಂಗಪುರದ ಗಾಳಿಗೆ ನೀರು ಸಾಲದು ಎಂದು ನಂಬಿದ ಮಹನೀಯರು ಈ ದ್ವೀಪದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಬೀಗರು!

ಇಲ್ಲಿಯ ಹವೆಯನ್ನು ಕಾಣದವರಿಗೆ ಈ ನಂಬಿಕೆಯ ಘನತೆ ತಿಳಿಯಲಾರದು. ಈ ಊರಿನಲ್ಲಿ ಬೆಳಿಗ್ಗೆ ಒಗೆದು ಹಾಕಿದ ಪಂಚೆ ಮರುದಿನ ಬೆಳಿಗ್ಗೆಯೂ ತನ್ನ ಸ್ನಾನವನ್ನು ಮರೆತಿರುವುದಿಲ್ಲ. ಎಲೆಗೆ ಬಡಿಸಿದ ಹಪ್ಪಳ, ನಾವು ದೇವರನ್ನು ನೆನೆದು ಕೈಹಾಕುವಷ್ಟರಲ್ಲಿ ಚಪಾತಿಯ ಸ್ವಭಾವಕ್ಕೆ ತಿರುಗಿರುತ್ತದೆ. ಉಪ್ಪಿನ ಡಬ್ಬಿ ತಾನೇ ಅಳುತ್ತದೆ. ಇಂಥ ಊರಿಗೆ ನೀರೂಡಿಸುವ ಕೂಲರನ್ನು ತಂದಿಟ್ಟುಕೊಳ್ಳುವ ಪುರುಷನನ್ನು ಏನೆಂದು ಕರೆಯೋಣ? ಸಮುದ್ರಕ್ಕೆ ಕೊಡದಲ್ಲಿ ನೀರು ಹೊತ್ತವರೂ ಅವರ ಮುಂದೆ ವಿವೇಕಿಗಳೆನಿಸುತ್ತಾರೆ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಮೈಸೂರಿನ ಪಾಠಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನಾನು, ನಾಲ್ಕು ವರ್ಷಗಳಿಂದ ಇಲ್ಲಿಯ ಬಡಾವಣೆಯಾದ ಯಿಶುನ್‌ನಲ್ಲಿ ಮಗ-ಸೊಸೆಯರ ಜೊತೆಗಿದ್ದೇನೆ. ಎಪ್ಪತ್ತೊಂದು ವರ್ಷಗಳ ಸಾಧನೆಯಲ್ಲಿ, ಪರಶಿವನ ಕೃಪೆಯಿಂದ, ಅರಿಷಡ್ವರ್ಗದ ಐದನ್ನು ಒಂದೊಂದಾಗಿ ಸವೆಸಿದ್ದೇನೆಂದು ನಂಬಿದ್ದೆ. ಆರನೆಯದಾದ ಮಾತ್ಸರ್ಯದ ಪರಿಚಯವೇ ನನಗಿರಲಿಲ್ಲ. ಅದು ಕಳೆದ ವೈಶಾಖದಲ್ಲಿ ಬೀಗರೊಡನೆ ವಿಮಾನದಿಂದಿಳಿದು, ಒಂದು ಚೀಲ ಶೇಂಗಾ ಚಟ್ನಿಪುಡಿಯ ಸಮೇತ ನಮ್ಮ ಮನೆಯ ಹೊಸಿಲು ದಾಟಿತು.

ಬೀಗರೆಂದರೆ ನನ್ನ ಸೊಸೆಯ ತಂದೆ. ಕಲಬುರಗಿಯವರು. ಅಲ್ಲಿಯ ಬಿರುಬಿಸಿಲಿನಲ್ಲಿ ನಲವತ್ತು ವರ್ಷ ತಗಡಿನ ಕೂಲರುಗಳನ್ನು ಕಟ್ಟಿ ಮಾರಿದವರು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ನಗು, ಬೆರಳ ತುದಿಗಳಲ್ಲಿ ತಗಡು ಕೊಯ್ದ ಗಾಯದ ಗೆರೆಗಳು. ಎರಡು ತಿಂಗಳಿದ್ದು ಹೋಗಲು ಬಂದಿದ್ದರು. ಬಂದ ದಿನವೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಮೂಗು ಮುರಿದರು.

"ಇದೇನ್ರೀ ಬೀಗರ, ಖಿಡಕಿ ಬಂದ್ ಮಾಡ್ಕೊಂಡು ಕುಂತೀರಿ?"

"ಏಸಿ ಹಾಕಿದೀನಿ ಬೀಗರೇ. ಬನ್ನಿ, ಒಳಗೆ ತಂಪಾಗಿದೆ."

"ಏಸಿ ಗಾಳಿ ಒಂದ್ ಗಾಳಿ ಏನ್ರೀ? ಇದ್ದ ಗಾಳೀನೇ ತಿರುಗಿಸಿ ತಿರುಗಿಸಿ ಬಡಸ್ತದ. ತಂಗಳ ಗಾಳಿ!"

ನಾನು ಅತಿಥಿಸತ್ಕಾರದ ಧರ್ಮವನ್ನು ನೆನೆದು ಅವರಿಗೆ ಕುರ್ಚಿ ಹಾಕಿದೆ. ಮೂರನೆಯ ದಿನ ಕೂಲರು ಬಂತು. ಪಕ್ಕದ ಬ್ಲಾಕಿನ ಗೃಹಸ್ಥನೊಬ್ಬ ಅದನ್ನು ಯಾವುದೋ ಮೋಹದಲ್ಲಿ ಕೊಂಡು, ಪಶ್ಚಾತ್ತಾಪಪಟ್ಟು, ಬಾಲ್ಕನಿಯಲ್ಲಿ ಬಚ್ಚಿಟ್ಟಿದ್ದನಂತೆ. ಕೇಳುವವರೊಬ್ಬರಿದ್ದಾರೆಂದು ತಿಳಿದೊಡನೆ ತಾನೇ ಹೊತ್ತು ತಂದು ನಮ್ಮ ಬಾಗಿಲಲ್ಲಿಟ್ಟು, ಮಂಜುಗಡ್ಡೆಯ ಎರಡು ಪೊಟ್ಟಣಗಳನ್ನೂ ಉಚಿತವಾಗಿ ಕೊಟ್ಟು, ನಾವು ಮನಸ್ಸು ಬದಲಾಯಿಸುವ ಮೊದಲೇ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿಹೋದ! ಮಾರಿದವನ ಆ ಓಟವನ್ನು ನೋಡಿಯಾದರೂ ಕೊಂಡವರು ಎಚ್ಚರಗೊಳ್ಳಬೇಡವೆ?

ನಾನು ತರ್ಕಶಾಸ್ತ್ರದ ಕ್ರಮದಲ್ಲಿಯೇ ವಿವರಿಸಿದೆ. "ನೋಡಿ ಬೀಗರೇ, ನೀರು ಆರಿದರೆ ತಾನೆ ತಂಪು? ನಿಮ್ಮೂರಿನ ಗಾಳಿ ಒಣಗಿರತ್ತೆ, ನೀರನ್ನ ಹೀರತ್ತೆ. ಇಲ್ಲಿಯ ಗಾಳಿ ಆಗಲೇ ಹೊಟ್ಟೆ ಬಿರಿಯುವಷ್ಟು ಕುಡಿದು ಕೂತಿದೆ. ನಿಮ್ಮ ಕೂಲರಿನ ನೀರು ಅದಕ್ಕೆ ಯಾಕೆ ಬೇಕು?"

ಬೀಗರು ಕೂಲರಿನ ಮುಂದೆ ಅಂಗೈ ಒಡ್ಡಿ, ಬೆರಳು ಆಡಿಸಿ ನೋಡಿದರು. ಆಮೇಲೆ, "ಹಂಗಂತೀರಿ? ನೋಡೂಣ್ರಿ," ಎಂದು ನಕ್ಕರು. ಅಷ್ಟೇ. ಪೂರ್ವಪಕ್ಷಕ್ಕೆ ಉತ್ತರವೇ ಕೊಡದವರನ್ನು ಯಾವ ಶಾಸ್ತ್ರದಿಂದ ಗೆಲ್ಲುವುದು?

ಒಂದು ವಾರದಲ್ಲಿ ಅವರ ಕೋಣೆ ಕೆರೆಯ ಅಂಗಳವಾಯಿತು. ಗೋಡೆಯಾಚೆಯ ನನ್ನ ದೇವರ ಮಂಟಪದಲ್ಲಿ ವಿಭೂತಿ ಮೆತ್ತಗಾಗಿ ಶ್ಯಾವಿಗೆ ಹಿಟ್ಟಿನಂತಾಯಿತು. ಬತ್ತಿಗಳು ಹತ್ತಿಕೊಳ್ಳಲು ನಿರಾಕರಿಸಿದವು. ಬೆಂಕಿಪೊಟ್ಟಣದ ಕಡ್ಡಿಗಳು ತಲೆಯನ್ನೇ ಕಳೆದುಕೊಂಡವು. ನನಗೆ ಒಳಗೊಳಗೇ ಸಮಾಧಾನ! ಇನ್ನು ನಾಲ್ಕು ದಿನ, ಸೊಸೆಯೇ ಇದನ್ನು ಹೊರಗೆ ಹಾಕಿಸುತ್ತಾಳೆ ಎಂದುಕೊಂಡೆ.

ಆದರೆ ಗೌರಿ ಇದ್ದಾಳಲ್ಲ! ಏಳು ವರ್ಷದ ನನ್ನ ಮೊಮ್ಮಗಳು. ಮೂರು ವರ್ಷಗಳಿಂದ ಪ್ರತಿ ಸಂಜೆ ಆರರಿಂದ ಏಳರವರೆಗೆ ಅವಳು ನನ್ನ ಕೋಣೆಯಲ್ಲಿ ಕುಳಿತು ಶ್ಲೋಕ ಕಲಿಯುತ್ತಾಳೆ. ಆ ಒಂದು ಗಂಟೆ ನನ್ನ ದಿನದ ಗರ್ಭಗುಡಿ. ಉಳಿದ ಇಪ್ಪತ್ಮೂರು ಗಂಟೆಗಳು ಅದರ ಪ್ರಾಕಾರ ಮಾತ್ರ. ಕೂಲರು ಬಂದ ಮೇಲೆ ಆರು ಗಂಟೆಗೆ ಬರುತ್ತಿದ್ದ ಮಗು ಆರೂಕಾಲಿಗೆ ಬಂದಳು. ಮತ್ತೆರಡು ದಿನಕ್ಕೆ ಆರೂವರೆಗೆ. ಆಮೇಲೆ ಬಾಗಿಲಲ್ಲೇ ನಿಂತು, "ತಾತಾ, ಟುಡೇ ಹಾಲಿಡೇ ಕ್ಯಾನ್?" ಎಂದು ಈ ಊರಿನ ಇಂಗ್ಲಿಷಿನಲ್ಲಿ ಕೇಳಿ, ನನ್ನ ಉತ್ತರಕ್ಕೂ ನಿಲ್ಲದೆ ಪಕ್ಕದ ಕೋಣೆಗೆ ಓಡಿದಳು. ಅಲ್ಲಿ ಕೂಲರಿನ ಫ್ಯಾನಿಗೆ ಮುಖ ಕೊಟ್ಟು "ಆಆಆ" ಎಂದರೆ ಧ್ವನಿ ನಡುಗಿ ರಾಕ್ಷಸನದಾಗುತ್ತದಂತೆ!

"ಏನಮ್ಮ ಅಲ್ಲಿ ಅಂಥ ವಿಶೇಷ?"

"ಮುತ್ಯಾ ರೂಮಲ್ಲಿ ನೀರು ಹಾಕ್ಬಹುದು, ಐಸ್ ಹಾಕ್ಬಹುದು. ನಿಮ್ಮ ಏಸೀಲಿ ಓನ್ಲಿ ರಿಮೋಟ್ ಲಾ, ತಾತಾ. ವೆರಿ ಬೋರಿಂಗ್!"

ಮುತ್ಯಾ! ಕಲಬುರಗಿಯ ಕಡೆ ಅಜ್ಜನಿಗೆ ಹಾಗೆನ್ನುತ್ತಾರೆ. ಆ ಎರಡಕ್ಷರ ಅವಳ ಬಾಯಲ್ಲಿ ಎಷ್ಟು ಮಧುರವಾಗಿ ಕೇಳುತ್ತಿತ್ತೆಂದರೆ, ನನಗೆ ಆ ರಾತ್ರಿಯ ಊಟ ಸೇರಲಿಲ್ಲ.

ಇನ್ನು ಕೆಳಮನೆಯ ಚೀನೀ ಆಂಟಿಯ ಪ್ರಸಂಗ. ಬೀಗರು ಕಿಟಕಿಗೆ ಒರಗಿಸಿಟ್ಟ ಕೂಲರಿನಿಂದ ನೀರು ತೊಟ್ಟಿಕ್ಕಿ, ಹೊರಗೆ ಬಿದಿರಿನ ಗಳದ ಮೇಲೆ ಆಕೆ ಒಣಹಾಕಿದ್ದ ಕಂಬಳಿಯ ಮೇಲೆ ಬಿತ್ತು. ಈ ಊರಿನಲ್ಲಿ ಇದಕ್ಕಿಂತ ಘೋರವಾದ ಅಪರಾಧವುಂಟೆ? ಆಕೆ ಬಾಗಿಲು ಬಡಿದು, "ಅಂಕಲ್! ಯುವರ್ ವಾಟರ್ ಆಲ್ ಡ್ರಾಪ್ ಆನ್ ಮೈ ಬ್ಲಾಂಕೆಟ್!" ಎಂದಾಗ ನಾನೇ ಅತ್ಯುತ್ಸಾಹದಿಂದ ಬೀಗರ ಕೋಣೆಯನ್ನು ತೋರಿಸಿದೆ. ಒಳಗೆ ಬಿರುಗಾಳಿಯೇಳುತ್ತದೆಂದು ಹೊರಗೆ ಕಿವಿಗೊಟ್ಟು ನಿಂತೆ. ಕಾಲುಗಂಟೆಯ ಮೇಲೆ ಕೇಳಿದ್ದು ನಗು! ಇಣುಕಿದರೆ ಆಂಟಿ ಕೂಲರಿನ ಮುಂದೆ ಕುರ್ಚಿಯಲ್ಲಿ ಕುಳಿತು ಶೇಂಗಾ ಚಟ್ನಿಪುಡಿಯನ್ನು ಬೆರಳಿನಿಂದ ನೆಕ್ಕುತ್ತಿದ್ದರು. "ವಾ, ಲೈಕ್ ವಾಟರ್‌ಫಾಲ್!" ಎಂದರು. ಬೀಗರಿಗೆ ಇಂಗ್ಲಿಷ್ ಬಾರದು, ಆಕೆಗೆ ಕನ್ನಡ ಬಾರದು. ಆದರೂ ಮರುದಿನ ಆಕೆ ತಮ್ಮ ಕುಂಡದಿಂದ ಒಂದು ಕಂತೆ ಪಾಂಡಾನ್ ಎಲೆ ತಂದರು. ಹೊಸ ಅಕ್ಕಿ ಬೆಂದಾಗಿನ ಪರಿಮಳವುಳ್ಳ ನೀಳವಾದ ಎಲೆ. ಕೂಲರಿನ ಪಕ್ಕಗಳಿಗೆ ತುಂಬಲು ಇಲ್ಲಿ ಲಾವಂಚದ ಬೇರು ಸಿಗದೆಂದು ಕೊರಗುತ್ತಿದ್ದ ಬೀಗರು ಅದನ್ನೇ ತೆಂಗಿನ ನಾರಿನ ಜೊತೆ ಹೆಣೆದು ಕೂಲರಿಗೆ ತೊಡಿಸಿದರು. ಮನೆಯೆಲ್ಲ ಘಮಘಮ! ನಾಲ್ಕು ವರ್ಷಗಳಿಂದ ಲಿಫ್ಟಿನಲ್ಲಿ ಕೈಮುಗಿಯುತ್ತ ಬಂದ ನನಗೆ ಆ ಮಹಾತಾಯಿ ಒಂದು ತುಳಸಿಯ ದಳವನ್ನಾದರೂ ಕೊಟ್ಟದ್ದುಂಟೆ?

ನಾನು ಪ್ರತ್ಯುಪಾಯಕ್ಕೆ ತೊಡಗಿದೆ. ತೇವವನ್ನು ಅಳೆಯುವ ಯಂತ್ರವೊಂದನ್ನು ಮಗನಿಂದ ತರಿಸಿ, ಬೀಗರ ಮೇಜಿನ ಮೇಲೆ ಸಾಕ್ಷಿಯೆಂಬಂತೆ ಇಟ್ಟೆ. ಅದರ ಮುಳ್ಳು ನಾಚಿಕೆಯಿಲ್ಲದೆ ತೊಂಬತ್ತಕ್ಕೆ ಏರಿತು.

"ನೋಡಿದಿರಾ ಬೀಗರೇ? ತೊಂಬತ್ತು!"

"ನೂರಕ್ಕ ತೊಂಬತ್ತಾ? ಫಸ್ಟ್ ಕ್ಲಾಸ್ ಬಂತಲ್ರೀ! ಗೌರೀ, ಬಾರವ್ವಾ, ಮುತ್ಯಾ ಪಾಸಾದ!"

ಅಜ್ಜ-ಮೊಮ್ಮಗಳು ಕೈತಟ್ಟಿ ಕುಣಿದರು. ನಾನು ಯಂತ್ರವನ್ನು ಮರಳಿ ತಂದು ಪೆಟ್ಟಿಗೆಯಲ್ಲಿಟ್ಟೆ.

ಇನ್ನೊಂದು ದಿನ, ಕೈಲಾಸವನ್ನೇ ತೋರಿಸುತ್ತೇನೆಂದು ಗೌರಿಯನ್ನು ಕರೆದು ಏಸಿಯನ್ನು ಹದಿನಾರಕ್ಕೆ ಇಳಿಸಿದೆ. ಉಣ್ಣೆಯ ಶಾಲು ಹೊದ್ದು, ಕಿವಿಗೆ ಮಫ್ಲರು ಸುತ್ತಿ, ಹಿಮಗಿರಿಯ ಯೋಗಿಯಂತೆ ಕುಳಿತು ಪಾಠ ಆರಂಭಿಸಿದೆ. ಮಗು ಎರಡು ಪಾದ ಹೇಳಿ ನಾಲ್ಕು ಸಲ ಸೀನಿದಳು. "ತಾತಾ, ಶಿವ ಏಸೀನ ಆಫ್ ಮಾಡಲ್ವಾ?" ಎಂದು ಕೇಳಿ ಎದ್ದು ಹೋದಳು. ಕೈಲಾಸದಲ್ಲಿ ನಾನೊಬ್ಬನೇ ಉಳಿದೆ.

ಎರಡು ದಿನಗಳಲ್ಲಿ ಅವಳಿಗೆ ಕೆಮ್ಮು ಬಂತು. ಇನ್ನು ಮುಂದೆ ಬರೆಯುವುದನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ನಾನು ಅಡುಗೆಮನೆಗೆ ಹೋಗಿ ಸೊಸೆಯ ಬಳಿ ಮೃದುವಾಗಿ ಹೇಳಿದೆ: "ತಪ್ಪು ತಿಳೀಬೇಡಮ್ಮ. ಆ ಕೋಣೆಯ ಗೋಡೆಗೆ ಬೂಷ್ಟು ಹಿಡಿದಿದೆ. ಮಗುವಿನ ಎದೆಯ ವಿಷಯ, ಅದಕ್ಕೇ ಹೇಳ್ತಿದೀನಿ." ಕೆಮ್ಮಿನ ಬೀಜ ನನ್ನ ಕೈಲಾಸದಲ್ಲಿ ಬಿದ್ದಿರಬಹುದೆಂಬ ಸಂಶಯ ನನಗಿತ್ತು. ಅದನ್ನು ಮಾತ್ರ ಹೇಳಲಿಲ್ಲ.

"ಸರಿ ಮಾವ, ನಾನು ಮಾತಾಡ್ತೀನಿ," ಎಂದಳು. ನನ್ನೊಡನೆ ನಮ್ಮ ಕಡೆಯ ಕನ್ನಡವಾಡುವ ಆಕೆ ಪಕ್ಕದ ಕೋಣೆಗೆ ಹೋದೊಡನೆ ತವರಿನ ಮಾತಿಗೆ ಮರಳಿದಳು. "ಅಪ್ಪಾ, ಗ್ವಾಡಿಗೆಲ್ಲಾ ಬೂಸ್ಲ ಹಿಡದದ. ಹುಡುಗಿಗಿ ಕೆಮ್ಮು ಬ್ಯಾರೆ. ಆ ಕೂಲರ್ ಸಾಕಪಾ ಇನ್ನ."

ಜಗಳವಾಗುತ್ತದೆಂದು ನಿರೀಕ್ಷಿಸಿದೆ. "ಆಯ್ತವ್ವಾ" ಎಂಬ ಒಂದೇ ಮಾತು ಕೇಳಿತು. ಅಂದೇ ಬೀಗರು ಕೂಲರನ್ನು ಕೆಳಗಿನ ವಾಯ್ಡ್ ಡೆಕ್ಕಿಗೆ, ಎಂದರೆ ಬ್ಲಾಕಿನ ಬುಡದಲ್ಲಿರುವ ತೆರೆದ ಜಗಲಿಗೆ, ಒಯ್ದಿಟ್ಟರು. ಬ್ಲಾಕಿನವರು ಬೇಡದ ಸಾಮಾನುಗಳನ್ನು ಇಡುವ ಮೂಲೆ ಅಲ್ಲಿದೆ. ಒಂದೆರಡು ದಿನಗಳಲ್ಲಿ ಲಾರಿಯವರು ಬಂದು ಒಯ್ಯುತ್ತಾರೆ.

ಮರುದಿನ ಸಂಜೆ ಸರಿಯಾಗಿ ಆರು ಗಂಟೆಗೆ ಗೌರಿ ನನ್ನ ಮುಂದೆ ಬಂದು ಕುಳಿತಳು. ಕೆಮ್ಮು ಇಳಿದಿತ್ತು. ನನ್ನ ಗೆಲುವನ್ನು ಮುಖದಲ್ಲಿ ತೋರಗೊಡದೆ, "ಎಲ್ಲ ಮರೆತಿದ್ದೀಯೆ, ಅಲ್ಲವೆ? ಮೊದಲಿನಿಂದ ಹೇಳಿಕೊಡುತ್ತೇನೆ," ಎಂದೆ.

ಮಗು ಕಣ್ಣು ಮುಚ್ಚಿ ಆರಂಭಿಸಿದಳು. ಒಂದು ಶ್ಲೋಕ, ಎರಡು, ಐದು, ಹನ್ನೊಂದು. ಎಲ್ಲಿಯೂ ತಡವರಿಸಲಿಲ್ಲ. ನಾನು ಬೆರಗಾಗಿ ಕೇಳಿದೆ, "ಇದನ್ನೆಲ್ಲ ಯಾವಾಗ ಅಭ್ಯಾಸ ಮಾಡಿದೆ?"

"ಮುತ್ಯಾ ರೂಮಲ್ಲಿ. ಎವ್ರಿ ಡೇ. ಫಸ್ಟ್ ತಾತನ ಶ್ಲೋಕ ನಾನು ಮುತ್ಯಾಗೆ ಟೀಚ್ ಮಾಡ್ಬೇಕು, ಆಮೇಲೇನೇ ಫ್ಯಾನ್ ಮುಂದೆ ಆಆಆ. ನೋ ಶ್ಲೋಕ, ನೋ ಆಆಆ ಲಾ! ಬಟ್ ಮುತ್ಯಾ ವೆರಿ ಸ್ಲೋ, ತಾತಾ. ಓನ್ಲಿ ಎರಡು ಲೈನ್ ಕಲ್ತಿದ್ದಾರೆ."

ನಾನು ಎದ್ದು, ಲಿಫ್ಟಿನಲ್ಲಿ ಕೆಳಗಿಳಿದೆ. ಬೀಗರು ಆ ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೂಲರಿನ ತೊಟ್ಟಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು.

"ಇನ್ಯಾಕೆ ಬೀಗರೇ ಈ ಶ್ರಮ?"

"ಯಾರರ ಒಯ್ದ್ರ ಹೊಲಸ ಇರಬಾರದಲ್ರೀ."

ಕೂಲರನ್ನು ಒಂದೇ ಮಾತಿಗೆ ಬಿಟ್ಟುಕೊಟ್ಟವರನ್ನು ಕಂಡು ನನಗೊಂದು ಸಂಶಯ ಹುಟ್ಟಿತು. "ಇದು ಇಲ್ಲಿ ತಂಪು ಕೊಡೋದಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯಿತು?"

ಬೀಗರು ತಲೆಯೆತ್ತದೆ ನಕ್ಕರು. "ನಲವತ್ ವರ್ಷ ಇದೇ ಮಾಡೀನ್ರೀ. ಮೊದಲನೇ ದಿನ ಕೈ ಒಡ್ಡಿದ್ನಲ್ಲ, ಅವಾಗೇ ತಿಳೀತು. ಈ ಊರ ಗಾಳಿಗಿ ನೀರಡಿಕಿನೇ ಇಲ್ಲ."

"ಮತ್ತೆ ಯಾಕೆ ಇಟ್ಟುಕೊಂಡಿರಿ?"

ಬಟ್ಟೆ ಹಿಂಡಿ, ಮಡಚಿ, ಮೊಣಕಾಲಿನ ಮೇಲಿಟ್ಟುಕೊಂಡರು. "ನೀವು ದಿನಾ ಸಂಜಿಮುಂದ ಆ ಹುಡುಗಿಗಿ ಶ್ಲೋಕ ಹೇಳ್ಕೊಡ್ತಿದ್ರಿ. ನಾ ಬಾಗಲದಾಗ ನಿಂತು ಕೇಳ್ತಿದ್ದೆ. ಖರೇ ಹೇಳ್ತೀನ್ರೀ ಬೀಗರ, ಹೊಟ್ಟ್ಯಾಗ ಬೆಂಕಿ ಬಿದ್ದಂಗಾತು. ನಿಮ್ಮಂಗ ನನಗೇನ್ ಬರ್ತದ? ನಾಕನೇತ್ತ ಸಾಲಿ ಕಲಿತವ ನಾ. ನನ್ನ ಕೈಗಿ ಗೊತ್ತಿರೋದು ಇದೊಂದೇ. ಇನ್ ಒಂಬತ್ ದಿನಕ್ಕ ಊರಿಗಿ ಹೋಗ್ತೀನಿ. ಮುತ್ಯಾ ಏನ್ ಕಲಿಸಿದ ಅಂದ್ರ ಆಕಿಗಿ ಒಂದಾದ್ರೂ ನೆಪ್ಪ್ ಇರಬೇಕಲ್ರೀ."

ಅಸೂಯೆಯನ್ನು ಇಷ್ಟು ಸುಲಭವಾಗಿ ಬಾಯಿಬಿಟ್ಟು ಹೇಳಬಹುದೆಂದು ನನಗೆ ಯಾವ ಗುರುವೂ ಕಲಿಸಿರಲಿಲ್ಲ. ನಾನು ಬಾಗಿ ಕೂಲರಿನ ಒಂದು ತುದಿಯನ್ನು ಹಿಡಿದೆ.

"ಆ ಕಡೆ ಹಿಡೀರಿ, ಬೀಗರೇ."

"ಎಲ್ಲಿಗ್ರೀ?"

"ನನ್ನ ಕೋಣೆಗೆ."

ಇಬ್ಬರು ಮುದುಕರು ಅದನ್ನು ಲಿಫ್ಟಿನೊಳಕ್ಕೆ ಸೇರಿಸುವಷ್ಟರಲ್ಲಿ ಬಾಗಿಲು ಎರಡು ಸಲ ಮುಚ್ಚಿ ತೆರೆಯಿತು. ಸೊಸೆ ಸೊಂಟಕ್ಕೆ ಕೈಯಿಟ್ಟು ನೋಡಿ, ದಿನಕ್ಕೆ ಒಂದೇ ಗಂಟೆ, ಅದೂ ಎಲ್ಲ ಕಿಟಕಿಗಳನ್ನು ತೆರೆದು ಎಂಬ ಷರತ್ತು ಹಾಕಿದಳು. ನಾನು ಏಸಿಯನ್ನು ಆರಿಸಿ, ಕಿಟಕಿಗಳನ್ನು ತೆರೆದೆ. ಹೊರಗಿನ ತೇವದ ಗಾಳಿ ಸಂಕೋಚವಿಲ್ಲದೆ ಒಳಗೆ ಬಂತು. ನಾನು ನೆಲದ ಮೇಲೆ, ಬೀಗರ ಎದುರಿಗೆ, ಗೌರಿಯ ಪಕ್ಕದಲ್ಲಿ ಕುಳಿತೆ. ಎಷ್ಟೋ ವರ್ಷಗಳ ಮೇಲೆ ಶಿಷ್ಯನ ಜಾಗದಲ್ಲಿ ಕುಳಿತಿದ್ದೆ.

"ನನಗೂ ಹೇಳಿಕೊಡಿ," ಎಂದೆ. "ನೀವು ಊರಿಗೆ ಹೋದ ಮೇಲೆ, ಇವಳಿಗೆ ಮರೆತುಹೋದರೆ ನೆನಪಿಸುವವರೊಬ್ಬರು ಇಲ್ಲಿ ಬೇಕಲ್ಲ?"

ಬೀಗರು ನನ್ನನ್ನೇ ನೋಡಿದರು. ಆಂಟಿ ಮತ್ತೆ ತಂದುಕೊಟ್ಟಿದ್ದ ಪಾಂಡಾನ್ ಎಲೆಯ ಕಂತೆಯನ್ನು ಬಿಚ್ಚಿ ಅರ್ಧವನ್ನು ನನ್ನ ಮಡಿಲಿಗೆ ಹಾಕಿದರು. ನಾನು ಒಂದೆಲೆಯನ್ನು ನಾರಿನ ಮೇಲೆ ನೀಳವಾಗಿ ಇಟ್ಟೆ.

"ಹಂಗಲ್ರೀ, ಹಂಗಲ್ಲ! ನೀರು ಸೀದಾ ಇಳದು ಹೋಗ್ತದ. ಅಡ್ಡ ಹಾಕ್ರಿ. ಗೌರೀ, ತಾತಗ ತೋರ್ಸವ್ವಾ."

ಮೊಮ್ಮಗಳು ನನ್ನ ಬೆರಳುಗಳನ್ನು ಹಿಡಿದು, ಎಲೆಯನ್ನು ತಿರುಗಿಸಿ, ಅಡ್ಡಲಾಗಿ ಇಡಿಸಿದಳು.