ಮೊಸಳೆ ನೀರಿಗಿಳಿದ ದಿನ

ಎಲ್ಲ ಅನಾಹುತಕ್ಕೂ ಕಾರಣ ಕೊರಳಲ್ಲಿ ನೇತಾಡುತ್ತಿದ್ದ ಒಂದು ಸೀಟಿ.

ಹನ್ನೊಂದು ವರ್ಷದ ಹಿಂದೆ ಆ ಅಪಾರ್ಟ್‌ಮೆಂಟಿನ ಮ್ಯಾನೇಜರು ಈಜುಕೊಳ ನೋಡಿಕೊಳ್ಳಲು ಜನ ಹುಡುಕುತ್ತಿದ್ದಾಗ, "ಈಜು ಬರುತ್ತೇನಯ್ಯಾ?" ಎಂದು ಕೇಳಿದ್ದರು. ಕೆಲಸಕ್ಕಾಗಿ ಅಲೆದು ಚಪ್ಪಲಿ ಸವೆಸಿದ್ದ ನಮ್ಮ ನಾಯಕ, "ಓಹೋ, ಧಾರಾಳವಾಗಿ!" ಎಂದುಬಿಟ್ಟ. ಸೀಟಿ ಕೊರಳಿಗೆ ಬಿತ್ತು. ಈಜು ಮಾತ್ರ ಬರಲಿಲ್ಲ. ನೀರು ಮಂಡಿ ದಾಟಿದರೆ ಅವನ ಎದೆ ಡವಗುಟ್ಟುತ್ತಿತ್ತು.

ಉದ್ದ ಕೋಲಿನ ಬಲೆಯಿಂದ ಎಲೆ ತೆಗೆಯುವುದು, ನೀರಿಗೆ ಔಷಧಿ ಹಾಕುವುದು, ಯಾರಾದರೂ ಎಂಟಡಿ ಆಳದ ಕಡೆ ಮುಖ ಮಾಡಿದರೆ ಕಿವಿ ತೂತಾಗುವಂತೆ ಸೀಟಿ ಊದಿ ವಾಪಸು ಕರೆಸುವುದು. ಇಷ್ಟರಲ್ಲೇ ಹನ್ನೊಂದು ವರ್ಷ ಸಾಗಿತ್ತು. ಒಬ್ಬರೂ ಮುಳುಗಿರಲಿಲ್ಲ. ಮಕ್ಕಳು ಅವನನ್ನು 'ಮೊಸಳೆ ಅಂಕಲ್' ಎಂದು ಕರೆಯುತ್ತಿದ್ದರು. ಆಳಕ್ಕೆ ಹೋಗದ ಪ್ರತಿಯೊಬ್ಬರಿಗೂ ಮೊಸಳೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಆ ಶನಿವಾರ ಅಲ್ಲಿಗೆ ಸಿನಿಮಾದವರು ಬಂದರು. ಊರಿಗೆ ಊರೇ ಪ್ರವಾಹದಲ್ಲಿ ಮುಳುಗುವ ಚಿತ್ರ. ಕೊಳದಲ್ಲಿ ಬಾಗಿಲು, ಬೀರು, ಕುರ್ಚಿಗಳನ್ನು ತೇಲಿಬಿಟ್ಟು, ಅಲೆ ಎಬ್ಬಿಸಲು ಎರಡು ದೈತ್ಯ ಫ್ಯಾನ್ ನಿಲ್ಲಿಸಿದರು. ಎಂಟು ಪ್ರವಾಹದ ಚಿತ್ರಗಳಲ್ಲಿ ಸಾವಿರಾರು ಜನರನ್ನು ಕಾಪಾಡಿದ ಹೀರೋ ಕೊಡೆಯ ಕೆಳಗೆ ಕುಳಿತು ಎಳನೀರು ಹೀರುತ್ತಿದ್ದ.

ನಿರ್ದೇಶಕರು ಸೀಟಿ ನೋಡಿದರು. "ನೀವೇನಾ ಇಲ್ಲಿನ ಕಾವಲು? ನೀರಿನ ದೃಶ್ಯ ಅಂದ್ಮೇಲೆ ಒಬ್ಬ ಈಜುಗಾರ ನೀರೊಳಗೇ ಇರ್ಬೇಕು. ಇಲ್ದಿದ್ರೆ ನಾನು ಕ್ಯಾಮೆರಾ ಮುಟ್ಟಲ್ಲ."

"ಅಯ್ಯೋ, ನಮ್ಮ ಮೊಸಳೆ ಇರೋವಾಗ ಯೋಚನೆ ಯಾಕೆ ಸಾರ್?" ಎಂದರು ಮ್ಯಾನೇಜರು.

ಇಳಿದರೆ ಪ್ರಾಣ ಹೋಗುತ್ತದೆ, ಇಳಿಯದಿದ್ದರೆ ಕೆಲಸ ಹೋಗುತ್ತದೆ. ಮೊಸಳೆ ಪಂಪಿನ ಕೋಣೆಗೆ ಹೋಗಿ, ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಡತಿಗೆ ಫೋನು ಹಚ್ಚಿದ. "ನಿನಗೆ ಮೈ ಸರಿಯಿಲ್ಲ ತಾನೆ? ನಾನು ಮನೆಗೆ ಬಂದ್ಬಿಡ್ಲಾ?"

"ನಾನು ಗುಂಡುಕಲ್ಲಿನ ಹಾಗಿದ್ದೀನಿ. ಏನಾಯ್ತು?"

"ಏನಿಲ್ಲ, ಸಿನಿಮಾದವರು ನನ್ನನ್ನ ನೀರಿಗಿಳೀ ಅಂತಿದ್ದಾರೆ."

"ಅರ್ಧ ದಿನ ರಜೆ ಹಾಕಿ ಬರ್ತೀನಿ" ಎಂದಳು. ಸಿನಿಮಾ ಅಂದರೆ ಸಾಕು, ಗಂಡನ ಪ್ರಾಣವೂ ಬೇಡ ಇವಳಿಗೆ ಎಂದು ಮೊಸಳೆ ನಿಟ್ಟುಸಿರು ಬಿಟ್ಟ.

ಹೊರಗೆ ಬಂದು ಕಿವಿ ನೋವೆಂದು ನರಳಿ ನೋಡಿದ. ಎರಡನೇ ಮಹಡಿಯ ಡಾಕ್ಟರಮ್ಮ ಟಾರ್ಚ್ ಹಿಡಿದು ಓಡಿಬಂದು ಎರಡೂ ಕಿವಿ ಇಣುಕಿದರು. "ಚಿನ್ನದಂಥ ಕಿವಿ! ಧೈರ್ಯವಾಗಿ ಇಳೀರಿ." ಈಜುವ ಬಟ್ಟೆ ತಂದಿಲ್ಲವೆಂದ. ನಿವೃತ್ತ ಹೆಡ್‌ಮಾಸ್ತರು ಮನೆಗೆ ಹೋಗಿ ತಮ್ಮ ಹಳೆಯ ಪಟ್ಟೆ ಪಟ್ಟೆ ಚಡ್ಡಿಯನ್ನೇ ತಂದುಕೊಟ್ಟರು. ಅದರೊಳಗೆ ಇಬ್ಬರು ಮೊಸಳೆಗಳು ಹಿಡಿಸುತ್ತಿದ್ದರು. ನೆರೆಹೊರೆಯವರ ಪ್ರೀತಿ ಕಂಡು ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಸಹಾಯಕ ನಿರ್ದೇಶಕ ಮೈಕಿನಲ್ಲಿ ಸಾರಿದ: "ನೀರಲ್ಲಿರೋರು ಕಿರುಚ್ತಾರೆ, ಅಳ್ತಾರೆ. ಅದೆಲ್ಲ ನಟನೆ. ಯಾರೂ ಗಾಬರಿ ಆಗಿ ಹತ್ರ ಹೋಗ್ಬೇಡಿ!"

ಮೊಸಳೆ ಏಣಿ ಹಿಡಿದು ಆಳದ ತುದಿಯಲ್ಲಿ ಇಳಿದ. ಎರಡೂ ಕೈಯಿಂದ ಕೊಳದ ಅಂಚನ್ನು ಅಪ್ಪಿಕೊಂಡ. "ಕೈ ಕಾಣ್ತಿದೆ, ತೆಗೀರಿ!" ಎಂದು ಕ್ಯಾಮೆರಾದವನು ಕೂಗಿದ. ತೇಲಿಬಂದ ಬೀರುವನ್ನು ಕಂಡು, ದೇವರೇ ಕಳಿಸಿದನೆಂದು ಅದನ್ನು ತಬ್ಬಿದ. ಫ್ಯಾನುಗಳು ಭೋರೆಂದವು. ಬೀರು ಥರ್ಮೋಕೋಲಿನದು. ಲಟಕ್ಕನೆ ಎರಡು ತುಂಡಾಯಿತು.

"ಕಾಪಾಡ್ರೋ! ಸತ್ತೇ!"

"ಅದ್ಭುತ!" ನಿರ್ದೇಶಕರು ಕುರ್ಚಿಯಿಂದ ಎದ್ದೇ ನಿಂತರು. "ಕ್ಯಾಮೆರಾ ಅವರ ಕಡೆ ತಿರುಗಿಸಿ!"

"ಬಾಯಿ ಇನ್ನೂ ಅಗಲಕ್ಕೆ ತೆಗಿಯಪ್ಪಾ!" ಎಂದು ಹೆಡ್‌ಮಾಸ್ತರು ದಡದಿಂದ ಹುರಿದುಂಬಿಸಿದರು. ಮೊಸಳೆ ತೆಗೆದ. ಅರ್ಧ ಕೊಳ ಒಳಗೆ ಹೋಯಿತು. ಮೂರನೇ ಸಲ ಮುಳುಗಿದಾಗ ಚಪ್ಪಾಳೆ ದೂರದಲ್ಲೆಲ್ಲೋ ಕೇಳಿಸಿತು. ಹೆಂಡತಿಗೆ ನಿಜ ಹೇಳದೆ ಹೋಗುತ್ತಿದ್ದೇನಲ್ಲ ಎನ್ನುವ ಸಂಕಟವೊಂದೇ ಉಳಿಯಿತು.

ಆಗ ಯಾರೋ ಅವನ ಜುಟ್ಟು ಹಿಡಿದು ಎಳೆದರು. ನಾಲ್ಕೇ ಬೀಸಿಗೆ ಅವನು ಮೆಟ್ಟಿಲ ಮೇಲಿದ್ದ. ಕೆಮ್ಮಿ ಕಣ್ಣು ಬಿಟ್ಟರೆ ಹೆಂಡತಿ. ಸೀರೆ ತೊಪ್ಪೆ, ಬೇಕರಿಯ ಟೊಪ್ಪಿ ಇನ್ನೂ ತಲೆಯ ಮೇಲಿತ್ತು.

"ನಿನಗೆ... ಈಜು?"

"ಹೊಳೆ ದಂಡೇಲಿ ಬೆಳೆದವಳು ರೀ ನಾನು."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ!"

"ನೀವು ಹೇಳಿದ್ರಾ?" ಎಂದು ಅವಳು ಪಿಸುಗುಟ್ಟಿದಳು. "ತಲೆ ಮೇಲೆ ಒಂದು ಚೊಂಬು ನೀರು ಹುಯ್ಕೊಳ್ಳೋಕೆ ಮೂಗು ಹಿಡ್ಕೊಂಡು ಕಣ್ಣು ಮುಚ್ಕೊಳ್ಳೋರು ನೀವು. ಮದುವೆಯಾದ ವಾರಕ್ಕೇ ಗೊತ್ತಾಯ್ತು. ನಿಮ್ಮ ಮರ್ಯಾದೆ ಅಂತ ಸುಮ್ನಿದ್ದೆ. ಇವತ್ತು ರಜೆ ಹಾಕಿದ್ದು ಹೀರೋ ಮುಖ ನೋಡೋಕೆ ಅಂದ್ಕೊಂಡ್ರಾ?"

ಇಂಥವಳನ್ನು ಪಡೆಯಲು ತಾನೇನು ಪುಣ್ಯ ಮಾಡಿದ್ದೆನೋ ಎಂದು ಮೊಸಳೆಗೆ ಅನ್ನಿಸಿತು. ಅವಳ ಕೈ ಕಣ್ಣಿಗೊತ್ತಿಕೊಂಡ. ಇನ್ನು ಸುಳ್ಳು ಸಾಕು, ಕೆಲಸ ಹೋದರೆ ಹೋಗಲಿ ಎಂದು ಚಡ್ಡಿ ಹಿಡಿದುಕೊಂಡು ಎದ್ದುನಿಂತ.

"ಸಾರ್, ನನಗೆ ಈಜು ಬರಲ್ಲ! ಹನ್ನೊಂದು ವರ್ಷದಿಂದ ನಿಮಗೆಲ್ಲ ಸುಳ್ಳು ಹೇಳಿದ್ದೀನಿ!"

ಇಡೀ ಅಪಾರ್ಟ್‌ಮೆಂಟು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು.

"ನೋಡಿದ್ರಾ, ಪಾತ್ರದಿಂದ ಇನ್ನೂ ಹೊರಗೆ ಬಂದಿಲ್ಲ!" ಎಂದರು ನಿರ್ದೇಶಕರು. "ಈಜು ಬರೋರು ಬರದೇ ಇರೋರ ಹಾಗೆ ಮಾಡೋದು ಎಷ್ಟು ಕಷ್ಟ ಗೊತ್ತಾ? ಹೆಂಡತಿಯವರೂ ಕಲಾವಿದೆ!"

"ನಿಜ ಸಾರ್, ಆಣೆ ಮಾಡ್ತೀನಿ!" ಮೊಸಳೆ ಅಂಗಲಾಚಿದ. ಚಪ್ಪಾಳೆ ಇನ್ನೂ ಜೋರಾಯಿತು.

ಮ್ಯಾನೇಜರು ಬಂದು ಅವನ ಒದ್ದೆ ಬೆನ್ನು ತಟ್ಟಿದರು. "ಇಂಥ ಮುತ್ತನ್ನ ಎಲೆ ಬಾಚೋಕೆ ಇಟ್ಕೊಂಡಿದ್ವಲ್ಲಯ್ಯಾ! ನಮ್ದೇ ತಪ್ಪು. ಸೋಮವಾರ ಬೆಳಗ್ಗೆಯಿಂದ ನೀನೇ ಈಜು ಮಾಸ್ತರು. ನಲವತ್ತು ಜನ ಆಗಲೇ ಹೆಸರು ಕೊಟ್ಟಿದ್ದಾರೆ. ಡಾಕ್ಟರಮ್ಮನೂ ಇದ್ದಾರೆ. ಎಲ್ಲರಿಗೂ ಆಳದ ಕಡೆನೇ ಪಾಠ!"

ಜನ ಕರಗಿದ ಮೇಲೆ ಕೊಡೆಯ ಕೆಳಗಿದ್ದ ಹೀರೋ ಮೆಲ್ಲನೆ ಹತ್ತಿರ ಬಂದ. ಆಚೀಚೆ ನೋಡಿ ಅವನ ಕಿವಿಯಲ್ಲಿ ಹೇಳಿದ: "ಮಾಸ್ಟ್ರೇ, ನನ್ನನ್ನೂ ಸೇರಿಸ್ಕೊಳ್ಳಿ. ಎಂಟು ಚಿತ್ರದಲ್ಲೂ ಆಳಕ್ಕೆ ಹೋಗಿದ್ದು ಡೂಪು. ಯಾರಿಗೂ ಹೇಳ್ಬೇಡಿ, ನಿಮ್ಮ ಉಪಕಾರ ಮರೆಯಲ್ಲ."

"ಆಗಲಿ" ಎಂದು ಮೊಸಳೆ ತಲೆಯಾಡಿಸಿದ. ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ.

ಅವಳು ಸೆರಗು ಹಿಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಯಾಕೆ ಹೆದರ್ತೀರಿ?" ಎಂದಳು. "ಮಧ್ಯೆ ಭಾನುವಾರ ಒಂದು ದಿನ ಇದೆಯಲ್ಲ ರೀ."