ಗಂಟೆ ಹೊಡೆಯದ ನೂರು ಕಿಲೋ

ಜಿಮ್ಮಿನ ಗೋಡೆಯ ಮೇಲೆ ಇನ್ನೊಂದೇ ಹೆಸರಿಗೆ ಜಾಗ ಉಳಿದಿತ್ತು. ಗ್ರಂಥಪಾಲಕರ ನೆಮ್ಮದಿ ಕೆಡುವುದಕ್ಕೆ ಅಷ್ಟು ಸಾಕಾಯಿತು.

ಬೆಂಚಿನ ಮೇಲೆ ಅಂಗಾತ ಮಲಗಿ, ನೂರು ಕಿಲೋ ಭಾರದ ಸರಳನ್ನು ಎದೆಗೆ ಇಳಿಸಿ ಮತ್ತೆ ಮೇಲಕ್ಕೆ ಒತ್ತಿದವರ ಹೆಸರನ್ನು ಅಲ್ಲಿ ನೀಲಿ ಬಣ್ಣದಲ್ಲಿ ಬರೆಯುತ್ತಿದ್ದರು. ಇಪ್ಪತ್ತಮೂರು ಹೆಸರುಗಳಾಗಿದ್ದವು. ಇಪ್ಪತ್ತನಾಲ್ಕನೆಯ ಸಾಲಿನ ಕೆಳಗೆ ಸ್ವಿಚ್ ಬೋರ್ಡು. ನಾಳೆ ಬೆಳಿಗ್ಗೆ ಒಬ್ಬ ಲಾರಿ ಚಾಲಕನ ಪರೀಕ್ಷೆಯಿತ್ತು. ಅವನ ತೋಳು ಗ್ರಂಥಪಾಲಕರ ತೊಡೆಯಷ್ಟು ದಪ್ಪ. ಹಾಗಾಗಿ ಇವರ ಪಾಲಿಗೆ ಉಳಿದದ್ದು ಇವತ್ತಿನ ಸಂಜೆ ಮಾತ್ರ.

ಜಿಮ್ಮಿನ ಯಜಮಾನನನ್ನು ಎಲ್ಲರೂ ಎರಕದಜ್ಜ ಎನ್ನುತ್ತಿದ್ದರು. ಎರಕದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು. ಅಲ್ಲಿದ್ದ ಕಬ್ಬಿಣದ ಬಿಲ್ಲೆಗಳನ್ನೆಲ್ಲ ತಾನೇ ಎರಕ ಹೊಯ್ದಿದ್ದ, ಅದೂ ಒಂದೇ ಅಳತೆಯಲ್ಲಿ. ಇಪ್ಪತ್ತು ಕಿಲೋದ್ದು ಗಟ್ಟಿ, ಹತ್ತರದ್ದು ಒಳಗೆ ಟೊಳ್ಳು, ಹೊರಗಿನಿಂದ ಅವಳಿಜವಳಿ. ತೂಕದ ಅಂಕಿ ಹಿಂಬದಿಯಲ್ಲಿ ಮಾತ್ರ. "ದಪ್ಪ ಬಿಲ್ಲೆ ನೋಡಿದ್ರೆ ಕಣ್ಣು ಮೊದಲು ಸೋತುಬಿಡತ್ತೆ. ಆಮೇಲೆ ತೋಳು ಏನು ಮಾಡತ್ತೆ ಪಾಪ?" ಎಂಬುದು ಅಜ್ಜನ ವಾದ.

ಎಂಟು ತಿಂಗಳ ಹಿಂದೆ ಗ್ರಂಥಪಾಲಕರು ಮೊದಲ ಸಲ ಬೆಂಚಿನ ಮೇಲೆ ಮಲಗಿದಾಗ ಅವರ ಮೊಣಕೈಗಳು ಹಾರಲು ಹೊರಟ ಕಾಗೆಯ ರೆಕ್ಕೆಯ ಹಾಗೆ ಅಗಲಿದ್ದವು. ಅಜ್ಜ ಬೈಯಲಿಲ್ಲ. "ಬೆನ್ನಿನ ಎರಡು ಹಲಗೆ ಮಧ್ಯೆ ಒಂದು ಪೆನ್ಸಿಲ್ ಇಟ್ಟಿದೀನಿ ಅಂದ್ಕೋ. ಬೀಳಿಸಬೇಡ" ಎಂದಿದ್ದ. ಇನ್ನೊಂದು ತಿಂಗಳು ಕಳೆದ ಮೇಲೆ, "ಪಾದದಿಂದ ನೆಲಾನ ಒತ್ತು. ಬಲ ಅಲ್ಲಿಂದ ಬರಬೇಕು" ಎಂದಿದ್ದ. ನಲವತ್ತು ಕಿಲೋದಲ್ಲಿ ಶುರುವಾದವರು ತೊಂಬತ್ತಕ್ಕೆ ಬಂದಿದ್ದರು. ಹಳೆಯ ಪುಸ್ತಕದ ಪುಟ ತಿರುಗಿಸುವಷ್ಟು ತಾಳ್ಮೆಯಿಂದ, ಒಂದು ದಿನವೂ ತಪ್ಪಿಸದೆ ಬಂದಿದ್ದರು. ತೊಂಬತ್ತರಲ್ಲಿ ಮಾತ್ರ ಮೂರು ತಿಂಗಳಿನಿಂದ ಗೂಟ ಹೊಡೆದುಕೊಂಡು ಕೂತಿದ್ದರು.

ಆ ದಿನ ಗ್ರಂಥಾಲಯ ತೆರೆಯುವ ಮುಂಚೆಯೇ ಅವರು ಓದುವ ಕೋಣೆಯ ಬೆಂಚಿನ ಮೇಲೆ ಮಲಗಿ, ಎರಡೂ ಕೈಯಲ್ಲಿ ನಿಘಂಟಿನ ಒಂದೊಂದು ಸಂಪುಟ ಹಿಡಿದು, ಕಣ್ಣು ಮುಚ್ಚಿ ಉಸಿರು ಕಟ್ಟಿದ್ದರು. ಪೇಪರ್ ಓದಲು ಎಲ್ಲರಿಗಿಂತ ಮೊದಲು ಬರುವ ಪಿಂಚಣಿದಾರರು ಒಳಗೆ ಕಾಲಿಟ್ಟವರೇ ಕಿರುಚಿದರು.

"ಅಯ್ಯಯ್ಯೋ, ಸಾಹೇಬ್ರು ಹೋಗ್ಬಿಟ್ರು! ಯಾರಾದ್ರೂ ನೀರು ತನ್ರಪ್ಪಾ!"

ಬೈಂಡರ್ ಓಡಿ ಬಂದ. ಹರಿದ ಪುಸ್ತಕ ಹೊಲಿಯುವುದು, ಓದುಗರು ಗೀಚಿದ್ದನ್ನು ರಬ್ಬರಿನಿಂದ ಅಳಿಸುವುದು ಅವನ ಕೆಲಸ. ಯಾವುದಾದರೂ ವಸ್ತು ಇದ್ದ ಹಾಗೇ ಇದ್ದರೆ ಅವನಿಗೆ ಜೀವ ತಡೆಯುತ್ತಿರಲಿಲ್ಲ. ಕೈಗೆ ಸಿಕ್ಕ ಬೋಗುಣಿಯನ್ನು ಗ್ರಂಥಪಾಲಕರ ಮುಖಕ್ಕೆ ಸುರಿದ. ಅದು ನೀರಲ್ಲ, ಬೈಂಡಿಂಗಿನ ಅಂಟು.

"ಬದುಕಿದ್ದೀನಿ ಕಣೋ!" ಎಂದು ಗ್ರಂಥಪಾಲಕರು ಎದ್ದು ಕೂತರು. ರೆಪ್ಪೆಗಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಜಿಮ್ಮಿನ ಪರೀಕ್ಷೆಯ ವಿಷಯ ಹೊರಬಿತ್ತು. ಆಮೇಲೆ ಸಂಜೆಯವರೆಗೂ ಉಪದೇಶದ ಸುರಿಮಳೆ. "ನಮ್ಮ ವಯಸ್ಸಿನಲ್ಲಿ ಹೀಗೆಲ್ಲ ಮಾಡೋಕೆ ಹೋದ್ರೆ..." ಎಂದು ಶುರು ಮಾಡಿದ ಪಿಂಚಣಿದಾರರು, ಗ್ರಂಥಪಾಲಕರ ವಯಸ್ಸು ನಲವತ್ತನಾಲ್ಕೇ ಎಂದು ತಿಳಿದು ಇನ್ನಷ್ಟು ಮರುಗಿದರು. ಕೌಂಟರಿನ ಮೇಡಂ, "ಮನೇಲಿ ಗೊತ್ತಾ ಸಾರ್ ಇದೆಲ್ಲ?" ಎಂದು ಕೇಳಿದರು.

"ಗೊತ್ತು. ಅವಳು ನಗ್ತಾಳೆ, ಅಷ್ಟೇ."

ಒಣಗಿದ ಅಂಟಿನಿಂದ ಕೂದಲು ಬ್ರಷ್ಷಿನಂತೆ ನೆಟ್ಟಗೆ ನಿಂತಿತ್ತು. ಬೈಂಡರ್‌ಗೆ ಪಾಪಪ್ರಜ್ಞೆ. "ನಾನೂ ಬರ್ತೀನಿ ಸಾರ್. ಏನಾದ್ರೂ ಸಹಾಯ ಬೇಕಾಗತ್ತೆ."

"ನೀನು ಏನೂ ಮಾಡದೆ ನಿಂತ್ರೆ ಅದೇ ದೊಡ್ಡ ಸಹಾಯ."

ಸಂಜೆ ಐದೂವರೆಗೆ ಅಜ್ಜ ಎರಡು ಬೆಂಚು ಸಿದ್ಧಮಾಡಿದ. ಕಿಟಕಿಯ ಪಕ್ಕದ್ದು ಮೈ ಬೆಚ್ಚಗೆ ಮಾಡಿಕೊಳ್ಳಲು, ಎಂಬತ್ತು ಕಿಲೋ. ಗೋಡೆಯ ಪಕ್ಕದ್ದು ಪರೀಕ್ಷೆಗೆ, ನೂರು. ಎರಡರಲ್ಲೂ ನಾಲ್ಕು ನಾಲ್ಕು ಬಿಲ್ಲೆ, ನೋಡಲು ಒಂದೇ ಥರ. "ಗಂಟೆ ಹೊಡೆದ ಮೇಲೆ ಎತ್ತಿದ್ದೇ ಎತ್ತು. ದಿನಕ್ಕೆ ಒಂದೇ ಸಲ ಗಂಟೆ" ಎಂದು ನಿಯಮ ಹೇಳಿ, ಪರೀಕ್ಷೆಯ ದಿನ ತೊಡುವ ಬಿಳಿ ಅಂಗಿ ಹಾಕಿಕೊಳ್ಳಲು ಹೋದ. ಗ್ರಂಥಪಾಲಕರು ಬಟ್ಟೆ ಬದಲಿಸಲು ಹೋದರು. ಅವರು ತಿರುಗಿ ಬಂದಾಗ ಬೈಂಡರ್ ಅಂಗೈ ಒರೆಸಿಕೊಳ್ಳುತ್ತ, ಪುಣ್ಯ ಕಟ್ಟಿಕೊಂಡವನ ಮುಖ ಹೊತ್ತು ಮೂಲೆಯಲ್ಲಿ ನಿಂತಿದ್ದ.

ಗ್ರಂಥಪಾಲಕರು ಕಿಟಕಿಯ ಪಕ್ಕದ ಬೆಂಚಿನಲ್ಲಿ ಮಲಗಿದರು. ಪಾದ ಊರಿದರು. ಬೆನ್ನಿನ ಹಲಗೆಗಳನ್ನು ಹತ್ತಿರ ತಂದು ಪೆನ್ಸಿಲನ್ನು ಹಿಡಿದರು. ಹೊಟ್ಟೆ ತುಂಬ ಉಸಿರು ತುಂಬಿ ಸರಳನ್ನು ಇಳಿಸಿದರು.

ಭಾರವಿತ್ತು. ದಿನಾ ಮೂರು ಸಲ ಎತ್ತುವ ಎಂಬತ್ತು ಇವತ್ತು ಎದೆಯ ಮೇಲೆ ಬೀರುವಿನ ಹಾಗೆ ಕೂತಿತು. ಆದರೂ ಮೊಣಕೈ ಅಲುಗಲಿಲ್ಲ, ಸೊಂಟ ಏಳಲಿಲ್ಲ. ಪಾದದಿಂದ ಹೊರಟ ಬಲ ಕಾಲು, ಬೆನ್ನು, ಭುಜ ದಾಟಿ ಅಂಗೈಗೆ ಬಂತು. ಸರಳು ಒಂದು ಕ್ಷಣ ನಿಂತು, ಯೋಚಿಸಿ, ಮೇಲಕ್ಕೆ ಹೋಯಿತು.

ಬಿಳಿ ಅಂಗಿ ತೊಟ್ಟು ಆಗಲೇ ಬಂದಿದ್ದ ಅಜ್ಜ ಏನೂ ಹೇಳಲಿಲ್ಲ. ಸುಮ್ಮನೆ ನೋಡುತ್ತ ನಿಂತ.

ಆ ಮೌನವನ್ನು ಗ್ರಂಥಪಾಲಕರು ತಮಗೆ ತೋಚಿದಂತೆ ಓದಿಕೊಂಡರು. ಎಂಬತ್ತಕ್ಕೇ ಹೀಗಾದರೆ ನೂರರ ಗತಿಯೇನು? ಐದು ನಿಮಿಷ ಕೂತರೂ ತೋಳುಗಳು ಹಿಂಡಿದ ಬಟ್ಟೆಯಂತೆ ಜೋತುಬಿದ್ದಿದ್ದವು, ಮನಸ್ಸು ಅದಕ್ಕಿಂತ ಕೆಳಗೆ.

ಗಂಟೆ ಹೊಡೆಯಿತು. ಗೋಡೆಯ ಪಕ್ಕದ ಬೆಂಚಿನಲ್ಲಿ ಸರಳು ಇಳಿಯಿತು. ಇಳಿದದ್ದು ಇಳಿದೇ ಇತ್ತು. ಪೆನ್ಸಿಲ್ ಬಿತ್ತು, ಕಾಗೆಯ ರೆಕ್ಕೆಗಳು ಮತ್ತೆ ಅಗಲಿದವು. ಕೊನೆಗೆ ಅಜ್ಜ, ಬೈಂಡರ್ ಇಬ್ಬರೂ ಸೇರಿ ಸರಳನ್ನು ಅವರ ಮೇಲಿಂದ ಎತ್ತಿದರು.

"ಇದು ಹೇಗಾಯ್ತು?" ಬೈಂಡರ್ ತಲೆ ಕೆರೆದುಕೊಂಡ. "ನಾನು ಎಲ್ಲಾ ಸರಿಮಾಡಿ ಇಟ್ಟಿದ್ನಲ್ಲ!"

"ಏನು ಸರಿ ಮಾಡಿದ್ದೆ?" ಅಜ್ಜ ಕೇಳಿದ.

"ಕೋಪ ಮಾಡ್ಕೋಬೇಡಿ ಅಜ್ಜ. ಸಾರ್ ಒದ್ದಾಟ ನೋಡೋಕಾಗ್ಲಿಲ್ಲ. ಹಿಂದಿನ ಅಂಕಿ ತಡವಿ ನೋಡಿ, ಇದರಲ್ಲಿದ್ದ ಎರಡು ಇಪ್ಪತ್ತರ ಬಿಲ್ಲೆ ತೆಗೆದು ಹತ್ತರದ್ದು ಹಾಕ್ಬಿಟ್ಟೆ. ಇದು ನೂರಲ್ಲ, ಎಂಬತ್ತು."

ಗ್ರಂಥಪಾಲಕರು ಟವೆಲಿನಿಂದ ಮುಖ ಮುಚ್ಚಿಕೊಂಡರು. ಎಂಬತ್ತನ್ನೂ ಎತ್ತಲಾಗಲಿಲ್ಲ!

ಅಜ್ಜ ಮಾತ್ರ ಹುಬ್ಬು ಗಂಟಿಕ್ಕಿದ. "ಹತ್ತರ ಬಿಲ್ಲೆ ಎಲ್ಲಿಂದ ತಂದೆ?"

"ಕಿಟಕಿ ಹತ್ರದ ಬೆಂಚಿಂದ."

"ತೆಗೆದ ಇಪ್ಪತ್ತನ್ನ ಏನು ಮಾಡಿದೆ?"

"ಅಲ್ಲಿಗೇ ಹಾಕಿದೆ. ಸರಳು ಬೋಳಾಗಿ ಕಾಣಬಾರದಲ್ಲ!"

ಅಜ್ಜ ಕಿಟಕಿಯ ಪಕ್ಕಕ್ಕೆ ಹೋಗಿ ಬಿಲ್ಲೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದ. ನಾಲ್ಕೂ ಇಪ್ಪತ್ತರವು. ಸರಳಿನದು ಇನ್ನೊಂದು ಇಪ್ಪತ್ತು.

"ಲೈಬ್ರರಿ," ಎಂದ ಮೆಲ್ಲಗೆ, "ಆಗಲೇ ನೀನು ಎತ್ತಿದ್ದು ನೂರು."

"ಹಾಗಾದ್ರೆ ನನ್ನ ಹೆಸರು? ನೀವೇ ಕಣ್ಣಾರೆ ನೋಡಿದ್ರಲ್ಲ ಅಜ್ಜ!"

"ನೋಡಿದೆ. ಅಷ್ಟು ಚೆಂದಾಗಿ ಎತ್ತಿದ್ದನ್ನ ನನ್ನ ಜನ್ಮದಲ್ಲಿ ಮೂರು ಸಲ ನೋಡಿರಬಹುದು. ಮಾತೇ ಬರಲಿಲ್ಲ ನಂಗೆ. ಆದ್ರೆ ಗಂಟೆ ಹೊಡೆದಿರಲಿಲ್ಲವಲ್ಲಪ್ಪ."

ಬೈಂಡರ್ ಮುಖ ಸಣ್ಣದು ಮಾಡಿಕೊಂಡು ನೀರು ತರಲು ಹೊರಗೆ ಹೋದ. ಅಜ್ಜ ಜೇಬಿನಿಂದ ಸೀಮೆಸುಣ್ಣ ತೆಗೆದು, ಕಿಟಕಿಯ ಪಕ್ಕದ ಬೆಂಚಿನ ಮುಂದೆ ಮಂಡಿಯೂರಿ ಅದರ ಮರದ ಅಂಚಿನಲ್ಲಿ ಬರೆದ: "ಇಲ್ಲಿ ಒಬ್ಬರು ನೂರು ಎತ್ತಿದರು. ಅವರಿಗೆ ಗೊತ್ತಿರಲಿಲ್ಲ."

"ಹೆಸರು ಹಾಕೋ ಹಾಗಿಲ್ಲ," ಎಂದ. "ನಿಂಗೆ ಗೊತ್ತಿದ್ರೆ ಸಾಕಲ್ವಾ?"

ಗೋಡೆಯ ಇಪ್ಪತ್ತಮೂರು ಹೆಸರುಗಳಿಗಿಂತ ಈ ಒಂದು ಸಾಲು ಗ್ರಂಥಪಾಲಕರಿಗೆ ದೊಡ್ಡದಾಗಿ ಕಂಡಿತು. ಹೆಂಡತಿಗೆ ತೋರಿಸಬೇಕು, ಒಂದು ಫೋಟೋ ಸಾಕು ಎಂದುಕೊಂಡು, ಬ್ಯಾಗಿನಲ್ಲಿದ್ದ ಫೋನ್ ತರಲು ಬಟ್ಟೆ ಬದಲಿಸುವ ಕೋಣೆಗೆ ಓಡಿದರು. ಅಜ್ಜ ಬಿಳಿ ಅಂಗಿ ಬಿಚ್ಚಿಡಲು ಒಳಗೆ ಹೋದ.

ಗ್ರಂಥಪಾಲಕರು ಫೋನ್ ಹಿಡಿದು ಬಂದಾಗ ಬೈಂಡರ್ ಒದ್ದೆ ಬಟ್ಟೆ ಹಿಂಡುತ್ತಿದ್ದ. ಬೆಂಚಿನ ಅಂಚು ಫಳಫಳ ಹೊಳೆಯುತ್ತಿತ್ತು.

"ನೋಡಿ ಸಾರ್," ಎಂದ ಅವನು, "ಇಲ್ಲಿಯ ಜನಕ್ಕೂ ಬುದ್ಧಿ ಇಲ್ಲ. ಯಾರೋ ಏನೋ ಗೀಚಿದ್ರು. ಒರೆಸಿಬಿಟ್ಟೆ."