ರೆಫರಿಗೆ ಒಂದು ಬುಟ್ಟಿ ಮಾವು

ನಮ್ಮ ಮನೆಯಿಂದ ಯಾರೂ ಬರಿಗೈಯಲ್ಲಿ ಹೊರಬೀಳುವಂತಿಲ್ಲ. ಇದು ನನ್ನ ಹೆಂಡತಿ ಸುಮಿತ್ರೆಯ ಶಾಸನ. ಅಂಕೋಲೆಯ ಅವರ್ಸಾದಿಂದ ಮದುವೆಯಾಗಿ ಬರುವಾಗ ಅವಳು ತವರಿನಿಂದ ತಂದ ಸಾಮಾನುಗಳಲ್ಲಿ ಇದೂ ಒಂದು. ಉಳಿದವೆಲ್ಲ ಹಳತಾಗಿ ಅಟ್ಟ ಸೇರಿದವು, ಇದು ಮಾತ್ರ ಇನ್ನೂ ಬಳಕೆಯಲ್ಲಿದೆ. ಇನ್ನೊಬ್ಬರ ಬಾಗಿಲಿಗೆ ಹೋಗುವಾಗ ಕೈಯಲ್ಲಿ ಏನಾದರೂ ಇರಲೇಬೇಕು. ಹಲ್ಲು ಕೀಳಿಸಲು ಹೋದಾಗ ಡಾಕ್ಟರಿಗೆ ಒಂದು ಕಟ್ಟು ನುಗ್ಗೆಕಾಯಿ ಒಯ್ದವನು ನಾನು. ಅವರು ನುಗ್ಗೆಕಾಯಿಯನ್ನೊಮ್ಮೆ, ನನ್ನ ಬಾಯನ್ನೊಮ್ಮೆ ನೋಡಿ ಸೂಜಿ ಚುಚ್ಚಿದರು. ಈ ಶಾಸನದಿಂದ ಒಂದು ಫುಟ್‌ಬಾಲ್ ಕ್ಲಬ್ಬೇ ಮುಳುಗುವ ಹೊತ್ತು ಬಂದೀತೆಂದು ನಾನು ಎಣಿಸಿರಲಿಲ್ಲ.

ಕ್ಲಬ್ಬಿನ ವಿಷಯ ಹೇಳಬೇಕು. ನಾನು ಈಗ ಕಾರವಾರದ ಹಬ್ಬುವಾಡದಲ್ಲಿದ್ದರೂ ನನ್ನ ಮೂಲ ಊರು ಕಾಳಿ ಸೇತುವೆ ದಾಟಿ, ಗೋವಾ ಗಡಿಗೆ ತಾಗಿಕೊಂಡಿದೆ. ಕ್ಲಬ್ಬು ಅಲ್ಲಿಯ ಹುಡುಗರದು. ಕೆಲವರು ದೋಣಿಗೆ ಹೋಗುವವರು, ಕೆಲವರು ಸಣ್ಣಪುಟ್ಟ ನೌಕರಿಯವರು, ಗೋಲ್‌ಕೀಪರ್ ಒಬ್ಬ ಹಣಕೋಣದಿಂದ ಬರುವ ರೈತ. ನಮ್ಮ ರಾಜ್ಯದ ದೊಡ್ಡ ಲೀಗ್ ಆಡಬೇಕೆಂದರೆ ಘಟ್ಟ ಹತ್ತಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಗೋವಾದ ಹಳ್ಳಿಗಳ ಲೀಗ್ ಆಡಬೇಕೆಂದರೆ ಗಂಜಿ ಉಂಡು ಹೊರಟರೆ ಸಾಕು. ಆದ್ದರಿಂದ ನಮ್ಮ ಕ್ಲಬ್ಬು ಆಡುವುದು ಪಕ್ಕದ ರಾಜ್ಯದಲ್ಲಿ, ಕಾಣಕೋಣದ ಕಡೆ, ಭತ್ತ ಕೊಯ್ದ ಗದ್ದೆಗಳಲ್ಲಿ. ಪೋರ್ಚುಗೀಸರ ಕಾಲ ಕಂಡಿದ್ದ ನನ್ನ ಅಜ್ಜಿಗೆ ಕೊನೆಯವರೆಗೂ ಅದು ಪರದೇಶವೇ ಆಗಿತ್ತು. ಅಲ್ಲಿ ನಮ್ಮನ್ನು ಕರ್ನಾಟಕದವರೆಂದು ಕೂಗುತ್ತಾರೆ, ಕಾರವಾರದಲ್ಲಿ ಗೋವಾದಲ್ಲಿ ಆಡುವವರೆಂದು ನಗುತ್ತಾರೆ. ಹೀಗೆ ಎರಡೂ ಕಡೆ ಹೊರಗಿನವರಾಗಿ, ಎಲ್ಲ ಪಂದ್ಯವನ್ನೂ ಬೇರೆಯವರ ಅಂಗಳದಲ್ಲೇ ಆಡುವ ತಂಡ ನಮ್ಮದು. ನನಗೆ ಅದರ ಬಗ್ಗೆ ಇರುವ ಹೆಮ್ಮೆ ನನ್ನ ಸ್ವಂತ ಮಕ್ಕಳ ಬಗ್ಗೆಯೂ ಇಲ್ಲ ಎಂದು ಸುಮಿತ್ರೆ ಹೇಳುತ್ತಾಳೆ. ನಾನು ಮ್ಯಾನೇಜರ್. ಆಫ್‌ಸೈಡ್ ಎಂದರೇನೆಂದು ನನಗೆ ಇಂದಿಗೂ ಗೊತ್ತಿಲ್ಲ, ಆದರೆ ಸರಕಾರಿ ಕಚೇರಿಯಲ್ಲಿ ಕುಳಿತು ಕುಳಿತು ಗಂಭೀರವಾಗಿ ತಲೆಯಾಡಿಸುವುದು ಚೆನ್ನಾಗಿ ಬರುತ್ತದೆ.

ಈ ಸಲ ನಾವು ಲೀಗಿನ ತಳದಲ್ಲಿದ್ದೆವು. ಕೊನೆಯ ಪಂದ್ಯ ಸೋತರೆ ಲೀಗಿನಿಂದ ಹೊರಗೆ. ಗೆಲ್ಲದಿದ್ದರೂ ಚಿಂತೆಯಿಲ್ಲ, ಸಮಬಲವಾದರೆ ಸಾಕಿತ್ತು. ಗಡಿಯಾಚೆಯವರು ಇಲ್ಲೇಕೆ ಎನ್ನುವವರು ಕಮಿಟಿಯಲ್ಲಿ ಮೊದಲೇ ಇದ್ದರು, ಒಮ್ಮೆ ಹೊರಬಿದ್ದರೆ ಮತ್ತೆ ಒಳಗೆ ಬಿಡುವ ಹಾಗಿರಲಿಲ್ಲ. ಆ ಬೆಳಿಗ್ಗೆ ನಾನು ಹೊರಡುವಾಗ ಸುಮಿತ್ರೆ ಬಾಗಿಲಲ್ಲಿ ಒಂದು ಬುಟ್ಟಿ ಇಟ್ಟಿದ್ದಳು. ಅವಳ ತವರಿನ ಮರದ ಕರಿ ಈಶಾಡ, ಅಂಕೋಲೆಯವರು ಬೇರೆ ಮಾವನ್ನು ಮಾವೆಂದೇ ಒಪ್ಪದಂತೆ ಮಾಡಿದ ಹಣ್ಣು.

"ಇದು ಮ್ಯಾಚು ಮಾರಾಯ್ತಿ, ಮುಂಜಿಯಲ್ಲ" ಎಂದೆ.

"ವರ್ಷಪೂರ್ತಿ ಅವ್ರ ಗದ್ದೆ ತುಳುದ್ರಿ, ಅವ್ರ ಬಾವಿ ನೀರು ಕುಡುದ್ರಿ. ಕೊನೆ ದಿವ್ಸನಾದ್ರೂ ಬರಿಗೈಲಿ ಹೋಗುಕೆ ನಾಚ್ಕೆ ಆಗುದಿಲ್ವಾ? ಅಲ್ಲಿ ಹಿರಿಯರು ಯಾರಿದ್ರು ನೋಡಿ, ಅವ್ರ ಕೈಗೆ ಕೊಡಿ" ಎಂದಳು.

ಅವಳು ಹೇಳಿದಂತೆಯೇ ಮಾಡಿದೆ. ಮೈದಾನದಲ್ಲಿ ತಲೆ ಪೂರ್ತಿ ನೆರೆತವರು ಒಬ್ಬರೇ ಇದ್ದರು. ಆಟ ಶುರುವಾಗುವ ಮೊದಲು, ಊರೆಲ್ಲ ನೋಡುತ್ತಿರುವಾಗ, ನೇರ ಹೋಗಿ ಎರಡೂ ಕೈಯಲ್ಲಿ ಬುಟ್ಟಿ ಒಪ್ಪಿಸಿದೆ. ಅವರ ಕೊರಳಲ್ಲಿ ಸೀಟಿ ಇದ್ದದ್ದು ನನಗೆ ಕಂಡದ್ದು ಆಮೇಲೆ. ಗದ್ದಲವೆದ್ದಿತು. ಕಮಿಟಿಯ ಕಾರ್ಯದರ್ಶಿ ಓಡಿ ಬಂದು, ಪಂದ್ಯಕ್ಕೆ ಮುಂಚೆ ರೆಫರಿಗೆ ಇದೇನು ಎಂದು ಕೊಂಕಣಿಯಲ್ಲಿ ಕೇಳಿದರು. ಮಾವಿನಹಣ್ಣು ಎಂದೆ. ಅದು ಕಾಣುತ್ತದೆ, ಯಾಕೆ ಎಂದರು. ಬರಿಗೈಯಲ್ಲಿ ಬರಬಾರದಲ್ಲ ಎಂದೆ. ಸತ್ಯ ಇಷ್ಟು ಸುಳ್ಳಿನಂತೆ ಕೇಳಿಸಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಈ ತಂಡವನ್ನು ಈಗಲೇ ಹೊರಗೆ ಹಾಕಿ ಎಂದು ಕೆಲವರು ಕೂಗಿದರು. ರೆಫರಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಬುಟ್ಟಿಯನ್ನು ಗದ್ದೆಯ ಬದುವಿನ ಮೇಲಿಟ್ಟು, ಆಟವಾಗಲಿ, ನಾನು ಎಂಥವನೆಂದು ನೋಡಿ ಎಂದರು.

ನಮ್ಮ ನಾಯಕ ನಾಗೇಶ, ಬೆಳಗಿನ ಜಾವ ದೋಣಿಯಿಂದಿಳಿದು ಹಾಗೇ ಬಂದವನು, ನನ್ನ ಪಕ್ಕ ಬಂದು ನಿಂತ. "ಮಾಮಾ, ನೀವು ಇನ್ನು ಯಾರಿಗೂ ಎಂತದೂ ಕೊಡುಕೆ ಹೋಗ್ಬೇಡಿ. ನೀರೂ ಕೊಡ್ಬೇಡಿ."

ತಾನು ಹಣ್ಣಿಗೆ ಮಾರಿಕೊಂಡವನಲ್ಲ ಎಂದು ತೋರಿಸುವ ಹಟಕ್ಕೆ ಬಿದ್ದ ರೆಫರಿಯ ಕೈಯಲ್ಲಿ ಆಡುವುದು ಎಷ್ಟು ಕಷ್ಟವೆಂದು ನಮ್ಮ ಹುಡುಗರನ್ನು ಕೇಳಬೇಕು. ನಮ್ಮವರು ಉಸಿರಾಡಿದರೂ ಸೀಟಿ. ಎದುರು ತಂಡಕ್ಕೆ ಒಂದು ಪೆನಾಲ್ಟಿ ಕೊಟ್ಟರು, ಅದು ಗೋಲಾಯಿತು. ಎರಡನೆಯ ಅರ್ಧದಲ್ಲಿ ನಮ್ಮವನೊಬ್ಬನಿಗೆ ಕೆಂಪು ಕಾರ್ಡು. ನಾನು ಗಂಭೀರವಾಗಿ ತಲೆಯಾಡಿಸುವುದನ್ನೂ ಮರೆತು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತುಬಿಟ್ಟೆ. ಹುಡುಗರು ಮಾತ್ರ ಯಾರೊಂದಿಗೂ ವಾದಕ್ಕೆ ನಿಲ್ಲಲಿಲ್ಲ, ನನ್ನ ಕಡೆ ಒಮ್ಮೆಯೂ ಸಿಟ್ಟಿನಿಂದ ನೋಡಲಿಲ್ಲ. ಒಬ್ಬ ಕಡಿಮೆಯಿದ್ದೂ ಓಡಿದರು, ಬಿದ್ದರು, ಮಣ್ಣು ಕೊಡವಿಕೊಂಡು ಮತ್ತೆ ಓಡಿದರು. ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ನಾಗೇಶ ದೂರದಿಂದ ಒದ್ದ ಚೆಂಡು ನೆಟ್ಟಗೆ ಹೋಗಿ ಬಲೆಯಲ್ಲಿ ಬಿತ್ತು. ಅದನ್ನು ತಪ್ಪೆನ್ನಲು ಯಾವ ರೆಫರಿಗೂ ಕಾರಣ ಸಿಗುವಂತಿರಲಿಲ್ಲ. ಒಂದಕ್ಕೊಂದು ಗೋಲು, ಸಮಬಲ. ನಾವು ಉಳಿದೆವು. ಇಂಥ ಹುಡುಗರ ಊರಿನಲ್ಲಿ ಹುಟ್ಟಿದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಕೊನೆಯ ಸೀಟಿಯಾದ ಮೇಲೆ ರೆಫರಿ ನೇರ ಬದುವಿಗೆ ನಡೆದು ಬಂದು, ಪಂದ್ಯ ಮುಗಿಯಿತಲ್ಲ ಎಂದು ಒಂದು ಈಶಾಡ ಎತ್ತಿಕೊಂಡರು. ಆಮೇಲೆ ಇನ್ನೊಂದು. ಕಾರ್ಯದರ್ಶಿಯೂ ಎರಡೂ ತಂಡದವರೂ ಸೇರಿ ನಮ್ಮ ವಿರುದ್ಧವಿದ್ದ ಸಾಕ್ಷ್ಯವನ್ನೆಲ್ಲ ತಿಂದು ಮುಗಿಸಿದರು. ಇದನ್ನು ಕಳಿಸಿದವರು ಯಾರು ಎಂದು ಕಾರ್ಯದರ್ಶಿ ಕೇಳಿದರು, ನಾನು ಹೇಳಿದೆ.

ಮರುವಾರ ಕಾರ್ಯದರ್ಶಿಯದೇ ಫೋನು ಬಂತು. ಮುಂದಿನ ವರ್ಷವೂ ನಮ್ಮ ತಂಡ ಇದೆ ಎಂದರು. ಮ್ಯಾನೇಜರನಿಗೆ ತಕ್ಕ ಗತ್ತಿನಲ್ಲಿ ನಾನು ಉತ್ತರಿಸುವಷ್ಟರಲ್ಲಿ, ಮನೆಯಲ್ಲಿ ಬಾಯಿ, ಅಂದರೆ ಮನೆಯಾಕೆ, ಇದ್ದರೆ ಫೋನು ಅವರಿಗೆ ಕೊಡಿ ಎಂದರು. ಸುಮಿತ್ರೆ ತುಂಬ ಹೊತ್ತು ಮಾತಾಡಿ ಫೋನಿಟ್ಟಳು.

"ಬರೂ ವರ್ಷ ನಂಗೆ ಮ್ಯಾಚಿಗೆ ಬರುಕೆ ಹೇಳಿರು" ಎಂದಳು.

"ಮತ್ತೆ ನನಗೆ?"

"ನಿಮ್ಮ ಸುದ್ದಿ ತೆಗೀಲಿಲ್ಲ ಅವ್ರು." ಮೂಲೆಯಲ್ಲಿದ್ದ ಬುಟ್ಟಿಯ ಕಡೆ ನೋಡಿ, "ಬುಟ್ಟಿ ಹೊರುಕೆ ಒಬ್ರು ಬೇಕಲಾ, ಬನ್ನಿ" ಎಂದಳು.

ಗಡಿ ದಾಟಿ ಆಡುವ ತಂಡದಲ್ಲಿ ನನಗೆ ಬರುವ ಕೆಲಸವೊಂದು ಕೊನೆಗೂ ಸಿಕ್ಕಿತು.